ಬೀಳಗಿಯ ಕೊರಳು, ಪೋರ್ಟೊ ರಿಕೋದ ಧಾಟಿ

ಹಾಡುಗಳು ಎರಡು. ಒಂದು, 1945ರಲ್ಲಿ ಹಾಲಿವುಡ್‌ನಲ್ಲಿ ತಯಾರಾದ ‘ಡಾಲ್ ಫೇಸ್’ ಚಿತ್ರದ ‘ಚೀಕೋ ಚೀಕೋ ಫ್ರಮ್ ಪೋರ್ಟೊ ರಿಕೋ’. ಹಾಡಿದವರು ಕಾರ್ಮೆನ್ ಮಿರಾಂಡ. ಇನ್ನೊಂದು, 1950ರ ಹಿಂದಿ ಚಿತ್ರ ‘ಸಮಾಧಿ’ಯ ‘ಗೋರೇ ಗೋರೇ’. ಸಂಗೀತ ಸಿ. ರಾಮಚಂದ್ರ ಅವರದು, ಸಾಹಿತ್ಯ ರಾಜೇಂದ್ರ ಕೃಷ್ಣ ಅವರದು. ಇವೆರಡನ್ನೂ ಒಂದರ ಬೆನ್ನಿಗೆ ಒಂದು ಕೇಳಿದರೆ ಸಂಗೀತದ ಗಂಧವಿಲ್ಲದವರಿಗೂ ಪಲ್ಲವಿ ಎತ್ತಿದೊಡನೆ ಗುಟ್ಟು ತಿಳಿದುಹೋಗುತ್ತದೆ. ‘ಚೀಕೋ ಚೀಕೋ’ ಇದ್ದ ಜಾಗದಲ್ಲಿ ‘ಗೋರೇ ಗೋರೇ’ ಬಂದು ಕುಳಿತಿದೆ.

ಹಳೆಯ ಹಿಂದಿ ಹಾಡುಗಳ ಬಗ್ಗೆ ಬರೆಯುವವರು ಈ ಸಂಗತಿಯನ್ನು ಎಷ್ಟೋ ಸಲ ಬರೆದಿದ್ದಾರೆ. ಅದರಲ್ಲಿ ಹೊಸತೇನೂ ಇಲ್ಲ. ಆದರೆ ಬಾಗಲಕೋಟೆಯ ನವನಗರದಲ್ಲಿ ಕುಳಿತು ಈ ಹಾಡು ಕೇಳುವವರು ಗಮನಿಸಬೇಕಾದ ಇನ್ನೊಂದು ಸಂಗತಿಯಿದೆ. ‘ಗೋರೇ ಗೋರೇ’ ಎಂದರೆ ಲತಾ ಮಂಗೇಶ್ಕರ್ ಹಾಡಿದ್ದು ಎಂದೇ ಹೆಚ್ಚಿನವರ ನೆನಪು. ಅದು ಅರ್ಧ ನಿಜ. ಅದು ಇಬ್ಬರು ಹಾಡಿದ ಹಾಡು. ಲತಾ ಕರೆದಾಗ ಉತ್ತರ ಕೊಡುವ ಎರಡನೆಯ ಕೊರಳು ಅಮೀರ್‌ಬಾಯಿ ಕರ್ನಾಟಕಿ ಅವರದು. ಅವರ ಹುಟ್ಟೂರು ಬೀಳಗಿ; ಇಲ್ಲಿಂದ ಬಸ್ಸಿನಲ್ಲಿ ಹೊರಟರೆ ಒಂದು ತಾಸಿನ ದಾರಿ.

ಹೀಗಾಗಿ ಈ ಒಂದು ಹಾಡಿನಲ್ಲಿ ಎರಡು ಸಾಲಗಳಿವೆ. ಧಾಟಿ ಎಲ್ಲಿಂದ ಬಂತು ಎಂಬುದು ಒಂದು. ಹಾಡಿದವರ ಲೆಕ್ಕದಲ್ಲಿ ಯಾರ ಹೆಸರು ಬಿಟ್ಟುಹೋಯಿತು ಎಂಬುದು ಇನ್ನೊಂದು. ಮೊದಲನೆಯದನ್ನು ಕಿವಿಯಿಂದ ಹುಡುಕಬಹುದು. ಎರಡನೆಯದಕ್ಕೆ ಸ್ವಲ್ಪ ಇತಿಹಾಸವೂ ಬೇಕು.

ಗೀಗೀ ಮೇಳ ಮತ್ತು ಸ್ವಿಂಗ್ ಮೇಳ

ಪಾಶ್ಚಾತ್ಯ ಸಂಗೀತದವರು ‘ರಿಫ್’ ಎಂಬ ಮಾತನ್ನು ಬಳಸುತ್ತಾರೆ. ನಮ್ಮ ಕಡೆಯ ಗೀಗೀ ಮೇಳ ಕೇಳಿದವರಿಗೆ ಅದನ್ನು ವಿವರಿಸುವುದು ಕಷ್ಟವಲ್ಲ. ಮುಂದೆ ನಿಂತ ಹಾಡುಗಾರ ಕಥೆಯನ್ನು ಒಂದೊಂದು ನುಡಿಯಾಗಿ ಮುಂದಕ್ಕೆ ಒಯ್ಯುತ್ತಾನೆ. ಹಿಂದೆ ನಿಂತವರು ದಪ್ಪು, ತುಂತುಣಿಯ ಲಯಕ್ಕೆ ಅದೇ ‘ಗೀ ಗೀ’ ಸೊಲ್ಲನ್ನು ಮರಳಿ ಮರಳಿ ಹಿಡಿಯುತ್ತಾರೆ. ಸೊಲ್ಲು ಚಿಕ್ಕದು, ಅದಕ್ಕೆ ದೊಡ್ಡ ಅರ್ಥವೂ ಇಲ್ಲ. ಆದರೆ ಅದು ನಿಂತರೆ ಮೇಳವೇ ನಿಲ್ಲುತ್ತದೆ. ಸ್ವಿಂಗ್ ಜಾಝ್‌ನಲ್ಲಿ ರಿಫ್ ಮಾಡುವ ಕೆಲಸವೂ ಹೆಚ್ಚುಕಡಿಮೆ ಇದೇ. ಮೂರ್ನಾಲ್ಕು ಟ್ರಂಪೆಟ್, ಮೂರ್ನಾಲ್ಕು ಟ್ರಾಂಬೋನ್, ನಾಲ್ಕೈದು ಸ್ಯಾಕ್ಸೊಫೋನ್ ಇರುವ ದೊಡ್ಡ ಮೇಳ. ಒಂದು ಗುಂಪು ಒಂದು ಸಣ್ಣ ಸ್ವರಗುಚ್ಛವನ್ನು ಹಿಡಿದು ತಿರುಗಿಸುತ್ತಿರುತ್ತದೆ, ಅದರ ಮೇಲೆ ಒಬ್ಬಾತ ಮನಸ್ಸಿಗೆ ಬಂದಂತೆ ನುಡಿಸುತ್ತಾನೆ. 1930ರ ದಶಕದ ನಡುವಿನಿಂದ ಎರಡನೆಯ ಮಹಾಯುದ್ಧ ಮುಗಿಯುವವರೆಗೆ ಅಮೆರಿಕದ ಯುವಜನರನ್ನು ಕುಣಿಸಿದ್ದು ಈ ಮೇಳಗಳೇ.

ರಿಫ್‌ನ ಗುಣವೆಂದರೆ ಅದು ಯಾರ ಜೇಬಿನಲ್ಲೂ ನಿಲ್ಲುವುದಿಲ್ಲ. ಸ್ವಿಂಗ್ ಕಾಲದ ಅತ್ಯಂತ ಪ್ರಸಿದ್ಧ ಧ್ವನಿಮುದ್ರಿಕೆಯಾದ ಗ್ಲೆನ್ ಮಿಲ್ಲರ್ ತಂಡದ ‘ಇನ್ ದ ಮೂಡ್’ ಇದಕ್ಕೆ ಒಳ್ಳೆಯ ಉದಾಹರಣೆ. ಅದನ್ನು ಮುದ್ರಿಸಿದ್ದು 1939ರ ಆಗಸ್ಟ್ 1ರಂದು. ಆದರೆ ಅದರ ಮುಖ್ಯ ರಿಫ್ 1930ರಲ್ಲೇ ವಿಂಗಿ ಮನೋನ್ ಎಂಬ ಟ್ರಂಪೆಟ್ ವಾದಕನ ‘ಟಾರ್ ಪೇಪರ್ ಸ್ಟಾಂಪ್’ನಲ್ಲಿ ಕೇಳಿಸುತ್ತದೆ. ಮರುವರ್ಷ ಫ್ಲೆಚರ್ ಹೆಂಡರ್ಸನ್ ತಂಡದ ‘ಹಾಟ್ ಆಂಡ್ ಆಂಗ್ಶಸ್’ನಲ್ಲಿ ಮತ್ತೆ ಬರುತ್ತದೆ. ಆಮೇಲೆ ಜೋ ಗಾರ್ಲೆಂಡ್ ಎಂಬ ಸ್ಯಾಕ್ಸೊಫೋನ್ ವಾದಕ ಅದನ್ನೇ ಬೆಳೆಸಿ, ಹೆಸರಿಟ್ಟು, ತನ್ನ ರಚನೆಯೆಂದು ದಾಖಲಿಸಿದ. ಎಡ್ಗರ್ ಹೇಸ್ ತಂಡ 1938ರಲ್ಲಿ ಅದನ್ನು ಮುದ್ರಿಸಿತು. ಆರ್ಟಿ ಶಾ ಕೂಡ ನುಡಿಸಿದ. ಆದರೆ ಅವನ ತಂಡದ ರೂಪ ತೀರ ಉದ್ದವಾಗಿತ್ತು. ಹತ್ತು ಅಂಗುಲದ 78 ವೇಗದ ತಟ್ಟೆಯ ಒಂದು ಮಗ್ಗುಲಲ್ಲಿ ಹಿಡಿಯುವುದು ಸುಮಾರು ಮೂರು ನಿಮಿಷ ಮಾತ್ರ. ಮಿಲ್ಲರ್ ಮಾಡಿದ ಮುಖ್ಯ ಕೆಲಸ ಕತ್ತರಿ ಪ್ರಯೋಗ. ಬೇಡದ್ದನ್ನು ತೆಗೆದು, ಉಳಿದದ್ದನ್ನು ಮೂರು ನಿಮಿಷ ದಾಟಿ ಸ್ವಲ್ಪದರಲ್ಲೇ ಕೂಡಿಸಿದ. ಹಾಡು ಜಗತ್ತನ್ನು ಸುತ್ತಿತು.

ಹಾಗಾದರೆ ಆ ರಿಫ್ ಯಾರದು? ಮೊದಲು ತಟ್ಟೆಯಲ್ಲಿ ಕೇಳಿಸಿದವನದೋ, ಕಾಗದದ ಮೇಲೆ ಬರೆದು ದಾಖಲಿಸಿದವನದೋ, ಜನರ ಬಾಯಿಗೆ ತಲುಪಿಸಿದವನದೋ? ಕಾನೂನು ಎರಡನೆಯವನ ಹೆಸರು ಹೇಳಿತು, ಜನ ಮೂರನೆಯವನ ಹೆಸರು ಹೇಳಿದರು. ಮನೋನ್‌ನ ಹೆಸರು ಉಳಿದಿರುವುದು ಹಳೆಯ ತಟ್ಟೆಗಳನ್ನು ಹೋಲಿಸಿ ಕೇಳುವ ಹವ್ಯಾಸಿಗಳಿಂದ. ಅವರು ಮಾಡುವುದು ಇಷ್ಟೇ: ಒಂದು ತಟ್ಟೆ, ಅದರ ಪಕ್ಕದಲ್ಲಿ ಇನ್ನೊಂದು ತಟ್ಟೆ, ತಾರೀಖುಗಳು, ಮತ್ತು ತಾಳ್ಮೆ.

ಪೋರ್ಟೊ ರಿಕೋದಿಂದ ಮುಂಬಯಿಗೆ

ಅದೇ ಕ್ರಮವನ್ನು ‘ಚೀಕೋ ಚೀಕೋ’ಗೂ ಅನ್ವಯಿಸೋಣ. ಇದು ಶುದ್ಧ ಸ್ವಿಂಗ್ ಅಲ್ಲ. ದಕ್ಷಿಣ ಅಮೆರಿಕ, ಕೆರಿಬಿಯನ್ ದ್ವೀಪಗಳ ಕುಣಿತದ ಲಯಗಳನ್ನು ಹಾಲಿವುಡ್ ತನ್ನದೇ ರೀತಿಯಲ್ಲಿ ಪಳಗಿಸಿ ಬಳಸುತ್ತಿದ್ದ ಕಾಲದ ಹಾಡು. ಆದರೆ ಅದರ ಸಂಗೀತಗಾರ ಜಿಮ್ಮಿ ಮೆಕ್‌ಹ್ಯೂ ಜಾಝ್‌ನ ಅಂಗಳದಲ್ಲೇ ಬೆಳೆದವನು. ನ್ಯೂಯಾರ್ಕಿನ ಹಾರ್ಲೆಮ್‌ನಲ್ಲಿದ್ದ ಹೆಸರಾಂತ ಕಾಟನ್ ಕ್ಲಬ್ಬಿನ ಪ್ರದರ್ಶನಗಳಿಗೆ 1920ರ ದಶಕದಲ್ಲಿ ಹಾಡು ಕಟ್ಟಿಕೊಡುತ್ತಿದ್ದ. 1930ರಲ್ಲಿ ಅವನು ರಾಗ ಹಾಕಿದ ‘ಆನ್ ದ ಸನ್ನಿ ಸೈಡ್ ಆಫ್ ದ ಸ್ಟ್ರೀಟ್’ ಹಾಡನ್ನು ನುಡಿಸದ ಜಾಝ್ ತಂಡ ಸಿಗುವುದು ಕಷ್ಟ. ‘ಚೀಕೋ’ಗೆ ಮಾತು ಬರೆದವನು ಹೆರಾಲ್ಡ್ ಆಡಮ್ಸನ್. ಹಾಡಿದ ಕಾರ್ಮೆನ್ ಮಿರಾಂಡ ಹುಟ್ಟಿದ್ದು ಪೋರ್ಚುಗಲ್‌ನಲ್ಲಿ, ಬೆಳೆದದ್ದು ಬ್ರೆಜಿಲ್‌ನಲ್ಲಿ, ಹೆಸರು ಮಾಡಿದ್ದು ಅಮೆರಿಕದಲ್ಲಿ. ಲಂಡನ್ನಿನಲ್ಲಿ ಇದನ್ನೇ ಧ್ವನಿಮುದ್ರಿಸಿದ ಎಡ್ಮುಂಡೋ ರಾಸ್ ಟ್ರಿನಿಡಾಡ್ ದ್ವೀಪದವನು. ಪೋರ್ಟೊ ರಿಕೋದ ಹುಡುಗನನ್ನು ಕುರಿತ ಈ ಹಾಡಿನ ವಂಶಾವಳಿಯಲ್ಲಿ ಪೋರ್ಟೊ ರಿಕೋದವರೇ ಕಾಣುವುದಿಲ್ಲ!

ಮುಂಬಯಿಗೆ ಇಂಥ ಹಾಡು ಹೊಸತಾಗಿರಲಿಲ್ಲ. ತಾಜ್ ಹೋಟೆಲಿನಲ್ಲಿ 1935ರಲ್ಲೇ ಲಿಯಾನ್ ಅಬ್ಬಿ ಎಂಬ ಕಪ್ಪು ಅಮೆರಿಕನ್ನನ ತಂಡ ಜಾಝ್ ನುಡಿಸಿತ್ತು. ಆ ಸಂಗೀತವನ್ನು ಚಿತ್ರರಂಗಕ್ಕೆ ಹೊತ್ತು ತಂದವರು ಗೋವಾದ ವಾದ್ಯಗಾರರು. ಪೋರ್ಚುಗೀಸರ ಆಡಳಿತದಲ್ಲಿದ್ದ ಗೋವಾದ ಹಳ್ಳಿಹಳ್ಳಿಯ ಚರ್ಚುಗಳ ಶಾಲೆಗಳಲ್ಲಿ ಮಕ್ಕಳಿಗೆ ಸ್ವರಲಿಪಿ ಓದುವುದನ್ನೂ ಪಿಟೀಲು ಹಿಡಿಯುವುದನ್ನೂ ಕಲಿಸುತ್ತಿದ್ದರು. ರಾತ್ರಿ ಹೋಟೆಲುಗಳಲ್ಲಿ ಕುಣಿತಕ್ಕೆ ನುಡಿಸಿದವರೇ ಹಗಲು ಸ್ಟುಡಿಯೋಗಳಿಗೆ ಬರುತ್ತಿದ್ದರು. ಅವರಲ್ಲಿ ಒಬ್ಬರು ಆಲ್ಡೋನಾ ಊರಿನ ಆಂಟೋನಿಯೊ ಝೇವಿಯರ್ ವಾಝ್. ಲೂಯಿ ಆರ್ಮ್‌ಸ್ಟ್ರಾಂಗ್ ರೀತಿಯಲ್ಲಿ ಟ್ರಂಪೆಟ್ ನುಡಿಸುತ್ತಿದ್ದ ಅವರನ್ನು ಜನ ಕರೆದದ್ದು ‘ಚಿಕ್ ಚಾಕೊಲೇಟ್’ ಎಂದು. ಸಿ. ರಾಮಚಂದ್ರ ಅವರಿಗೆ ಸಹಾಯಕರಾಗಿದ್ದ ಅವರನ್ನು 1951ರ ‘ಅಲಬೇಲಾ’ ಚಿತ್ರದ ಪರದೆಯ ಮೇಲೆ ತಂಡದೊಂದಿಗೆ ನೋಡಲೂಬಹುದು.

ರಾಮಚಂದ್ರ ಚಿತಳಕರ್ ಅಹ್ಮದನಗರ ಜಿಲ್ಲೆಯ ಪುಣತಾಂಬೆಯವರು. 1947ರ ‘ಶಹನಾಯಿ’ಯ ‘ಆನಾ ಮೇರಿ ಜಾನ್’ ಹಾಡಿನಿಂದ ಪಾಶ್ಚಾತ್ಯ ಧಾಟಿಯ ಸಂಗೀತಗಾರರೆಂದು ಹೆಸರಾದರು. ಅವರನ್ನು ಬರೀ ನಕಲುಗಾರರೆಂದು ತಳ್ಳಿಹಾಕುವವರು 1953ರ ‘ಅನಾರ್ಕಲಿ’ಯನ್ನು ಕೇಳಿಲ್ಲವೆಂದೇ ಅರ್ಥ. ಭೀಮಪಲಾಸಿನಲ್ಲಿ ‘ಯೇ ಜಿಂದಗಿ ಉಸೀ ಕೀ ಹೈ’ ಕಟ್ಟಿದ ಕೈಯೇ ‘ಗೋರೇ ಗೋರೇ’ಯನ್ನೂ ಕಟ್ಟಿತು. ಇನ್ನೊಂದು ಸ್ವಾರಸ್ಯವನ್ನು ಇಲ್ಲೇ ಹೇಳಿಬಿಡುತ್ತೇನೆ. ‘ಸಮಾಧಿ’ ನೇತಾಜಿಯವರ ಆಜಾದ್ ಹಿಂದ್ ಫೌಜಿನ ಕಥೆ. ದೇಶಭಕ್ತಿಯ ಆ ಚಿತ್ರದಲ್ಲಿ ಎಲ್ಲಕ್ಕಿಂತ ಹೆಚ್ಚು ಜನರ ಬಾಯಲ್ಲಿ ಉಳಿದದ್ದು ಹಾಲಿವುಡ್ಡಿನ ಧಾಟಿಯ ಹಾಡು.

ಒಂದರ ಪಕ್ಕ ಇನ್ನೊಂದು

ಈಗ ಎರಡು ಮುದ್ರಿಕೆಗಳನ್ನು ಹೋಲಿಸೋಣ. ತೆಗೆದುಕೊಂಡದ್ದು ಪಲ್ಲವಿಯ ತಲೆಯನ್ನು. ಎರಡಕ್ಷರದ ಒಂದು ಪದ, ಅದೇ ಪದ ಮತ್ತೊಮ್ಮೆ, ಆಮೇಲೆ ಓಡುವ ಒಂದು ಉದ್ದ ತುಣುಕು: ಇದು ಅಚ್ಚು. ರಾಜೇಂದ್ರ ಕೃಷ್ಣ ಅವರ ಜಾಣತನ ಕಾಣುವುದು ಇಲ್ಲಿ. ಇಂಗ್ಲಿಷಿನಲ್ಲಿ ಒಂದೇ ಪದವನ್ನು ಎರಡು ಸಲ ಹೇಳಿದರೆ ಅದು ಆಟದ ಮಾತಾಗುತ್ತದೆ. ನಮ್ಮ ದೇಶದ ಭಾಷೆಗಳಲ್ಲಿ ಅದು ದಿನದ ಮಾತು. ಬಿಸಿಬಿಸಿ, ಮೆಲ್ಲಮೆಲ್ಲ, ಕೆಂಪುಕೆಂಪು ಎಂದು ನಾವು ಅನ್ನುವ ಹಾಗೆ ಹಿಂದಿಯಲ್ಲಿ ‘ಗೋರೇ ಗೋರೇ’. ಹೀಗಾಗಿ ಪರದೇಶದ ಅಚ್ಚಿನಲ್ಲಿ ಎರಕ ಹೊಯ್ದರೂ ಪದ ಪರದೇಶಿಯಾಗಿ ಕೇಳುವುದಿಲ್ಲ. ಚರಣಕ್ಕೆ ಬಂದಾಗ ಎರಡರ ದಾರಿಗಳೂ ಬೇರೆಯಾಗುತ್ತವೆ. ಅಲ್ಲಿ ರಾಮಚಂದ್ರ ತಮ್ಮ ಕಾಲ ಮೇಲೆ ತಾವು ನಡೆಯುತ್ತಾರೆ, ಮರಳಿ ಪಲ್ಲವಿಗೆ ಬಂದಾಗಲಷ್ಟೇ ಚೀಕೋನ ಕೈ ಹಿಡಿಯುತ್ತಾರೆ.

ಇದಕ್ಕಿಂತ ದೊಡ್ಡ ಬದಲಾವಣೆ ಹಾಡಿನ ಏರ್ಪಾಟಿನಲ್ಲಿದೆ. ‘ಚೀಕೋ’ದಲ್ಲಿ ಕಾರ್ಮೆನ್ ಮಿರಾಂಡ ತಾನೇ ಕಥೆ ಹೇಳುತ್ತಾಳೆ. ‘ಗೋರೇ ಗೋರೇ’ಯಲ್ಲಿ ಅದು ಸವಾಲು ಜವಾಬು ಆಗಿದೆ. ಪರದೆಯ ಮೇಲೆ ಕುಣಿಯುವವರು ನಳಿನಿ ಜಯವಂತ್ ಮತ್ತು ಕುಲದೀಪ್ ಕೌರ್. ಒಬ್ಬಳು ಹುಡುಗಿಯಾಗಿ ಕರೆಯುತ್ತಾಳೆ. ಇನ್ನೊಬ್ಬಳು ಹುಡುಗನ ಪರವಾಗಿ, ಅದೇ ಧಾಟಿಯಲ್ಲಿ, ಪದಗಳ ಲಿಂಗವನ್ನಷ್ಟೇ ತಿರುಗಿಸಿ ಉತ್ತರ ಕೊಡುತ್ತಾಳೆ. ಹುಡುಗಿಯ ಕೊರಳು ಲತಾ ಅವರದು, ಹುಡುಗನದು ಅಮೀರ್‌ಬಾಯಿ ಅವರದು. ಹರದೇಶಿ ನಾಗೇಶಿ ಮೇಳಗಳು ಬೆಳತನಕ ಸವಾಲು ಹಾಕಿ ಜವಾಬು ಪಡೆಯುವ ಸೀಮೆಯಿಂದ ಬಂದವರಿಗೆ ಈ ಆಟ ಹೊಸದೇನಾಗಿರಲಿಕ್ಕಿಲ್ಲ ಎಂದು ನನಗನ್ನಿಸುತ್ತದೆ.

ಕೊರಳುಗಳನ್ನು ಗಮನಿಸಿ ಕೇಳಬೇಕು. ಲತಾ ಅವರಿಗೆ ಆಗ ಇಪ್ಪತ್ತರ ಹರೆಯ. ಕೊರಳು ತೆಳು, ಚೂಪು, ಮೈಕಿಗಾಗಿಯೇ ಹುಟ್ಟಿದಂಥದು. ಅಮೀರ್‌ಬಾಯಿಯವರದು ಮೈಕು ಬರುವುದಕ್ಕೆ ಮುಂಚಿನ ರಂಗಭೂಮಿಯ ಕೊರಳು. ತೆರೆದ ಗಂಟಲು, ಕೊನೆಯ ಬೆಂಚಿನವನಿಗೂ ಮಾತು ಮುಟ್ಟಬೇಕೆಂಬ ಒತ್ತು. ಎರಡು ತಲೆಮಾರುಗಳು ಒಂದೇ ತಟ್ಟೆಯ ಒಂದೇ ಮಗ್ಗುಲಲ್ಲಿ ಎದುರುಬದುರು ನಿಂತಿವೆ. ಇಬ್ಬರ ನಡುವೆ ಇರುವ ಈ ಅಂತರವೇ ಹಾಡಿಗೆ ಸೊಗಸು ತಂದಿದೆ. ಎರಡೂ ಭಾಗವನ್ನು ಲತಾ ಒಬ್ಬರೇ ಹಾಡಿದ್ದರೆ ಹುಡುಗನೂ ಹುಡುಗಿಯೂ ಒಂದೇ ಆಗಿಬಿಡುತ್ತಿದ್ದರು.

ಅಮೀರ್‌ಬಾಯಿ ಹುಟ್ಟಿದ್ದು 1906ರ ಸುಮಾರಿಗೆ, ನಾಟಕ ಸಂಗೀತವೇ ಬದುಕಾಗಿದ್ದ ಮನೆತನದಲ್ಲಿ. ಆಗ ಬೀಳಗಿ ವಿಜಾಪುರ ಜಿಲ್ಲೆಯಲ್ಲಿತ್ತು. ಬಾಗಲಕೋಟೆ ಜಿಲ್ಲೆಯಾದದ್ದು 1997ರಲ್ಲಿ. ಸೋದರಿ ಗೋಹರ್‌ಬಾಯಿ ಮರಾಠಿ ರಂಗಭೂಮಿಯ ಬಾಲಗಂಧರ್ವರ ಜೊತೆ ಸೇರಿ, ಅವರ ಗಾಯನದ ರೀತಿಯನ್ನು ಸಂಪೂರ್ಣವಾಗಿ ಅರಗಿಸಿಕೊಂಡರು. ಹೆಣ್ಣಿನ ಪಾತ್ರ ಮಾಡಿದ ಗಂಡಸಿನಿಂದ ಹೆಣ್ಣೊಬ್ಬಳು ಹಾಡುವುದನ್ನು ಕಲಿತದ್ದು ಆ ಕಥೆ. ಹುಡುಗನ ಪರವಾಗಿ ಹಾಡಿದ್ದು ಈ ಕಥೆ. ಅಮೀರ್‌ಬಾಯಿ ಮುಂಬಯಿ ಸೇರಿ 1930ರ ದಶಕದಲ್ಲಿ ಚಿತ್ರಗಳಲ್ಲಿ ನಟಿಸುತ್ತ ಹಾಡುತ್ತ ಬೆಳೆದರು. 1943ರ ‘ಕಿಸ್ಮತ್’ನಲ್ಲಿ ಅನಿಲ್ ಬಿಸ್ವಾಸ್ ಸಂಗೀತದ ‘ಧೀರೇ ಧೀರೇ ಆರೇ ಬಾದಲ್’, ‘ದೂರ್ ಹಟೋ’ ಹಾಡುಗಳಿಂದ ದೇಶಕ್ಕೆಲ್ಲ ಪರಿಚಿತರಾದರು. ಮರುವರ್ಷದ ನೌಷಾದರ ‘ರತನ್’ನಲ್ಲೂ ಅವರ ಕೊರಳಿದೆ. 1948ರಲ್ಲಿ ‘ಶಹನಾಜ್’ ಚಿತ್ರಕ್ಕೆ ತಾವೇ ಸಂಗೀತ ನೀಡಿದರು. ಹೆಂಗಸರು ಸಂಗೀತ ನಿರ್ದೇಶನಕ್ಕೆ ಇಳಿದದ್ದೇ ಅಪರೂಪವಾಗಿದ್ದ ಕಾಲ ಅದು.

1949ರಲ್ಲಿ ‘ಮಹಲ್’, ‘ಬರಸಾತ್’, ‘ಅಂದಾಜ್’ ಚಿತ್ರಗಳು ಬಂದವು. ಲತಾ ಯುಗ ಆರಂಭವಾಯಿತು. ಅಮೀರ್‌ಬಾಯಿ ಮೆಲ್ಲಗೆ ಹಾಡುವುದರಿಂದ ಸರಿದು ಪೋಷಕ ಪಾತ್ರಗಳ ಕಡೆ ಹೋದರು. ಅವರ ಹೆಸರು ಕೂಡಿಕೊಂಡಿರುವ ಕೊನೆಯ ಜನಪ್ರಿಯ ಹಾಡುಗಳಲ್ಲಿ ‘ಗೋರೇ ಗೋರೇ’ಯನ್ನು ಎಣಿಸಬೇಕು. ಹೊರಡುವವರೊಬ್ಬರು ಬರುವವರೊಬ್ಬರಿಗೆ ಜವಾಬು ಕೊಟ್ಟ ಹಾಡು ಅದು.

ಹಾಡಿನ ನೆತ್ತಿಯ ಮೇಲಿನ ಸಾಲು

ಧಾಟಿಯ ಮಾತಿಗೆ ಮರಳೋಣ. ‘ಇದು ಕಳವಲ್ಲವೇ?’ ಎಂದು ಕೇಳುವವರಿದ್ದಾರೆ. ಈ ಪ್ರಶ್ನೆಗೆ ನಮ್ಮ ಕಂಪನಿ ನಾಟಕಗಳು ಬಹಳ ಹಿಂದೆಯೇ ತಮ್ಮದೊಂದು ದಾರಿ ಕಂಡುಕೊಂಡಿದ್ದವು. ಹಳೆಯ ನಾಟಕದ ಪುಸ್ತಕಗಳನ್ನು ತೆರೆದು ನೋಡಿ. ಹಾಡಿನ ನೆತ್ತಿಯ ಮೇಲೆ ರಾಗ, ತಾಳದ ಜೊತೆಗೆ ‘ಧಾಟಿ’ ಅಥವಾ ‘ಮಟ್ಟು’ ಎಂದು ಬರೆದು, ಅದರ ಮುಂದೆ ಇನ್ನೊಂದು ಹಾಡಿನ ಮೊದಲ ಪದಗಳನ್ನು ಅಚ್ಚು ಮಾಡಿರುತ್ತಾರೆ. ಆ ಹಾಡು ದಾಸರ ಪದವಿರಬಹುದು, ಮರಾಠಿ ನಾಟಕದ್ದಿರಬಹುದು, ಮುಂದಿನ ವರ್ಷಗಳಲ್ಲಾದರೆ ಹಿಂದಿ ಸಿನಿಮಾದ್ದೂ ಇರಬಹುದು. ಮರಾಠಿ ಪುಸ್ತಕಗಳಲ್ಲಿ ಇದೇ ಸಾಲಿಗೆ ‘ಚಾಲ್’ ಎಂದು ಹೆಸರು.

ಇದನ್ನು ನಾಟಕದವರ ದೊಡ್ಡ ಗುಣವೆಂದು ಹೊಗಳುವ ಅಗತ್ಯವಿಲ್ಲ. ಸ್ವರಲಿಪಿ ಅಚ್ಚು ಮಾಡುವ ಸೌಕರ್ಯವಿರಲಿಲ್ಲ. ಮಾಡಿದರೂ ಓದುವವರು ಕಡಿಮೆ. ಊರಿಂದೂರಿಗೆ ಹೋಗುವ ಕಂಪನಿಯ ಪೆಟ್ಟಿಗೆ ಮಾಸ್ತರರಿಗೆ ‘ಈ ಧಾಟಿ’ ಎಂದು ತೋರಿಸಿಬಿಟ್ಟರೆ ಹಾರ್ಮೋನಿಯಂ ತಾನಾಗಿಯೇ ದಾರಿ ಹಿಡಿಯುತ್ತಿತ್ತು. ಅನುಕೂಲಕ್ಕೆಂದು ಬರೆದ ಸಾಲು ಅದು. ಆದರೆ ಆ ಅನುಕೂಲದ ಸಾಲಿನಿಂದಲೇ ನೂರು ವರ್ಷದ ಮೇಲೂ ಯಾವ ಹಾಡು ಎಲ್ಲಿಂದ ಬಂತೆಂಬುದನ್ನು ಪತ್ತೆ ಹಚ್ಚಬಹುದು. ಅಮೆರಿಕದ ಹವ್ಯಾಸಿಗಳು ತಟ್ಟೆಯ ಮೇಲೆ ತಟ್ಟೆ ಕೇಳಿ ಕಿವಿ ಸವೆಸಿ ಕಂಡುಹಿಡಿದದ್ದನ್ನು ನಮ್ಮ ನಾಟಕದವರು ಅಚ್ಚು ಹಾಕಿಯೇ ಮಾರಿದರು!

ಧಾಟಿಗಳು ಎರಡೂ ಕಡೆಗೆ ಓಡಾಡಿವೆ. ಮರಾಠಿ ಸಂಗೀತ ನಾಟಕದ ಪಿತಾಮಹ ಅಣ್ಣಾಸಾಹೇಬ ಕಿರ್ಲೋಸ್ಕರ್ ಹುಟ್ಟಿದ್ದು ಬೆಳಗಾವಿ ಜಿಲ್ಲೆಯ ಗುರ್ಲಹೊಸೂರಿನಲ್ಲಿ. 1882ರ ಅವರ ‘ಸೌಭದ್ರ’ದ ಹಾಡುಗಳಲ್ಲಿ ಕನ್ನಡ ಪದಗಳ ಧಾಟಿಗಳೂ ಇವೆ. ಅನಂತರ ಬಾಲಗಂಧರ್ವರ ಕಾಲದ ಮರಾಠಿ ನಾಟ್ಯಗೀತೆಗಳ ಧಾಟಿಗಳು ನಮ್ಮ ಕಂಪನಿಗಳಿಗೆ ಬಂದವು. ‘ರಕ್ತರಾತ್ರಿ’, ‘ಕುರುಕ್ಷೇತ್ರ’ ಬರೆದ ಕಂದಗಲ್ ಹನುಮಂತರಾಯರು ಈ ಜಿಲ್ಲೆಯ ಇಳಕಲ್ ಸೀಮೆಯವರೇ. ಅವರ ನಾಟಕಗಳನ್ನು ಬೆಳತನಕ ನೋಡುತ್ತಿದ್ದ ಜನರಲ್ಲಿ ಈ ಹಾಡು ನಮ್ಮದೋ, ಮರಾಠಿಯದೋ ಎಂದು ತಲೆಕೆಡಿಸಿಕೊಂಡವರು ಎಷ್ಟು ಮಂದಿ? ಹಾಡು ಚೆನ್ನಾಗಿದ್ದರೆ ‘ವನ್ಸ್ ಮೋರ್’ ಕೂಗುತ್ತಿದ್ದರು, ಅಷ್ಟೇ.

ಗ್ರಾಮಫೋನ್ ತಟ್ಟೆ ಈ ಸಾಲನ್ನು ನುಂಗಿತು. ತಟ್ಟೆಯ ನಡುವಿನ ದುಂಡು ಚೀಟಿಯಲ್ಲಿ ಜಾಗ ಕಡಿಮೆ ಎಂಬುದು ನಿಜ. ಆದರೆ ಚಿತ್ರದ ಹೆಸರಿಗೆ, ಕಂಪನಿಯ ಗುರುತಿಗೆ ಜಾಗವಿತ್ತು; ಧಾಟಿಗೆ ಇರಲಿಲ್ಲ. ಕೆಲವು ಸಲ ಹಾಡಿದವರಿಗೂ ಇರಲಿಲ್ಲ. 1949ರ ‘ಮಹಲ್’ನ ‘ಆಯೇಗಾ ಆನೇವಾಲಾ’ ತಟ್ಟೆ ಮೊದಲು ಬಂದಾಗ ಅದರ ಮೇಲಿದ್ದ ಹೆಸರು ಲತಾ ಅವರದಲ್ಲ. ಚಿತ್ರದ ಪಾತ್ರವಾದ ‘ಕಾಮಿನಿ’ಯದು. ಹಾಡಿದವರು ಯಾರೆಂದು ಜನ ರೇಡಿಯೋದವರನ್ನು ಕೇಳಿದ ಮೇಲೆ ಹೆಸರು ಹೊರಗೆ ಬಂತು. ಲತಾ ಅವರಿಗೆ ಆ ಅನ್ಯಾಯ ಬೇಗ ತೀರಿತು. ಅಮೀರ್‌ಬಾಯಿ ಅವರಿಗೆ ಆದದ್ದು ಬೇರೆ ರೀತಿಯದು. ಅವರ ಹೆಸರನ್ನು ಯಾರೂ ಅಳಿಸಲಿಲ್ಲ. ಜೊತೆಯವರ ಹೆಸರು ಬೆಳೆಯುತ್ತ ಹೋಯಿತು, ಇವರದು ಅದರ ನೆರಳಿಗೆ ಸರಿಯಿತು. ಇಂದು ಹಾಡನ್ನು ಮೊಬೈಲ್‌ನಲ್ಲಿ ಹುಡುಕುವವರಿಗೆ ಮೊದಲು ಕಣ್ಣಿಗೆ ಬೀಳುವುದು ಲತಾ ಅವರ ಚಿತ್ರ.

ನನ್ನ ತಕರಾರು ಇಷ್ಟೇ. ರಾಮಚಂದ್ರ ಅವರು ಚೀಕೋನಿಂದ ತಲೆ ತೆಗೆದುಕೊಂಡರು, ಮೈ ತಾವೇ ಕಟ್ಟಿದರು. ಅದನ್ನು ಕಳವು ಎನ್ನಲು ನನ್ನ ಮನಸ್ಸು ಒಪ್ಪುವುದಿಲ್ಲ. ಜಿಮ್ಮಿ ಮೆಕ್‌ಹ್ಯೂ ತಾನೂ ಕೆರಿಬಿಯನ್ ಲಯವನ್ನು ಯಾರನ್ನೂ ಕೇಳಿ ತಂದವನಲ್ಲ. ಆದರೆ ‘ಧಾಟಿ’ ಎಂಬ ಒಂದು ಸಾಲು ಬಿಟ್ಟದ್ದರಿಂದ, ಈ ಹಾಡಿನ ಬಗ್ಗೆ ಎಪ್ಪತ್ತು ವರ್ಷಗಳ ಮೇಲೆಯೂ ‘ಗೊತ್ತೇ, ಇದು ನಕಲು’ ಎಂದು ಪಿಸುಗುಡುವ ಹಾಗಾಗಿದೆ. ಬರೆದಿದ್ದರೆ ಪಿಸುಗುಡುವುದಕ್ಕೆ ಏನೂ ಇರುತ್ತಿರಲಿಲ್ಲ.

ಅಮೀರ್‌ಬಾಯಿ 1965ರ ಮಾರ್ಚ್ 3ರಂದು ಮುಂಬಯಿಯಲ್ಲಿ ತೀರಿಕೊಂಡರು. ಅವರ ಹೆಸರು ಹೊತ್ತ ಅಮೀರ್ ಟಾಕೀಸನ್ನು ವಿಜಾಪುರದ ಹಿರಿಯರು ಬಲ್ಲರು. ಡಾ. ರಹಮತ್ ತರೀಕೆರೆ ಅವರು ಕನ್ನಡದಲ್ಲಿ ಅವರ ಜೀವನ ಚರಿತ್ರೆ ಬರೆದ ಮೇಲೆ ಈ ಕಡೆಯ ಹೊಸ ತಲೆಮಾರಿಗೂ ಹೆಸರು ಪರಿಚಯವಾಯಿತು. ನಾನೂ ಆ ತಲೆಮಾರಿನವನೇ. ಈ ಲೇಖನಕ್ಕೆಂದು ಎರಡೂ ಹಾಡುಗಳನ್ನು ಎಷ್ಟು ಸಲ ಕೇಳಿದೆನೋ ಲೆಕ್ಕವಿಲ್ಲ. ಕಡೆಗೆ ನೋಟ್‌ಬುಕ್ಕಿನಲ್ಲಿ ‘ಗೋರೇ ಗೋರೇ’ಯನ್ನು ಕಂಪನಿ ನಾಟಕದ ಪುಸ್ತಕದ ರೀತಿಯಲ್ಲೇ ಬರೆದುಕೊಂಡೆ. ಮೇಲೆ, ಧಾಟಿ: ‘ಚೀಕೋ ಚೀಕೋ’. ಕೆಳಗೆ, ಸವಾಲು: ಲತಾ ಮಂಗೇಶ್ಕರ್. ಜವಾಬು: ಅಮೀರ್‌ಬಾಯಿ ಕರ್ನಾಟಕಿ, ಬೀಳಗಿ.